ತ್ರೀ-ಲೆವೆಲ್ ಇನ್ವರ್ಟರ್ ಕಟ್ಟಿದ್ದೀರಾ? ಕರೆಂಟ್ ಕೊಡುವ ಮುಂಚೆ ಇಷ್ಟು ನೋಡಿ

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟ. ಹೂಮಳೆ ಕೈಕೊಟ್ಟಿತ್ತು, ಸ್ಪ್ರಿಂಕ್ಲರ್ ಓಡಲೇಬೇಕಿತ್ತು, ಅಷ್ಟರಲ್ಲಿ ಮೋಟರ್ ಸುಟ್ಟಿತು. ಡ್ರೈವ್ (ಮೋಟರ್ ವೇಗ ಬದಲಿಸುವ ಇನ್ವರ್ಟರ್) ಮೇಲೆ ಶೆಡ್‌ನಲ್ಲಿ, ಪಂಪು ಕೆಳಗೆ ಹಳ್ಳದಲ್ಲಿ, ಮಧ್ಯೆ ಉದ್ದದ ಕೇಬಲ್. ಬಿಚ್ಚಿದರೆ ವೈಂಡಿಂಗ್‌ನ ಮೊದಲ ಕೆಲವು ಸುತ್ತು ಮಾತ್ರ ಕಪ್ಪಾಗಿತ್ತು, ಉಳಿದ ತಂತಿ ಹೊಸದರ ಹಾಗೆ ಹೊಳೆಯುತ್ತಿತ್ತು.

415 ವೋಲ್ಟ್ ತ್ರೀಫೇಸನ್ನು ಡಿಸಿ ಮಾಡಿದರೆ ಸುಮಾರು 585 ವೋಲ್ಟ್ ಆಗುತ್ತದೆ. ಸಾಮಾನ್ಯ ಡ್ರೈವ್ ಅಷ್ಟನ್ನೂ ಒಂದೇ ಏಟಿಗೆ ಕಳಿಸುತ್ತದೆ, ಉದ್ದ ಕೇಬಲಿನ ತುದಿಯಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಗಬಹುದು, ಆ ಏಟು ಜಾಸ್ತಿ ಬೀಳುವುದು ವೈಂಡಿಂಗ್‌ನ ಮೊದಲ ಸುತ್ತುಗಳ ಮೇಲೆ. ತ್ರೀ-ಲೆವೆಲ್‌ನಲ್ಲಿ ಪ್ಲಸ್, ಮೈನಸ್ ನಡುವೆ ಇನ್ನೊಂದು ಮಟ್ಟವೂ ಇರುವುದರಿಂದ ಒಂದೊಂದು ಜಿಗಿತ ಅದರ ಅರ್ಧ. ಔಟ್‌ಪುಟ್ ಫಿಲ್ಟರ್ ಹಾಕಿದರೂ ನಡೆಯುತ್ತದೆ, ಆದರೆ ನೀವು ಈಗಾಗಲೇ ಕಟ್ಟಿದ್ದೀರಿ ಅಲ್ವಾ, ಟೆಸ್ಟ್ ಮಾಡೋಣ.

ಡಯೋಡ್ ಕ್ಲಾಂಪ್ ಸರ್ಕ್ಯೂಟ್ (ಎರಡು ಡಿಸಿ ಕೆಪಾಸಿಟರ್ ಸೇರುವ ಮಧ್ಯಬಿಂದುವಿಗೆ ಡಯೋಡ್‌ಗಳಿಂದ ಜೋಡಿಸಿದ್ದು) ಆದರೆ ಪ್ರತಿ ಫೇಸ್‌ಗೆ ನಾಲ್ಕು ಐಜಿಬಿಟಿ, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್. ಮೇಲಿಂದ ಕೆಳಗೆ 1, 2, 3, 4 ಅಂತ ಬರೆದುಕೊಳ್ಳಿ. 1 ಮತ್ತು 2 ಆನ್ ಆದರೆ ಪ್ಲಸ್, 2 ಮತ್ತು 3 ಆದರೆ ಮಧ್ಯಬಿಂದು, 3 ಮತ್ತು 4 ಆದರೆ ಮೈನಸ್. 1 ಆನ್ ಇದ್ದಾಗ 3 ಆಫ್, 2 ಆನ್ ಇದ್ದಾಗ 4 ಆಫ್. ಡಿಸಿ ಕೊಡದೆ ಬರೀ ಗೇಟ್ ಸಿಗ್ನಲ್‌ಗಳನ್ನು (ಐಜಿಬಿಟಿಯನ್ನು ಆನ್-ಆಫ್ ಮಾಡುವವು) ಆಸಿಲೋಸ್ಕೋಪಿನಲ್ಲಿ ನೋಡಿ, ಡೆಡ್ ಟೈಮ್ (ಒಂದು ಆಫ್ ಆಗಿ ಅದರ ಜೋಡಿ ಆನ್ ಆಗುವ ಮುಂಚಿನ ಸಣ್ಣ ಬಿಡುವು) ಇದೆಯಾ ಅಂತ ಒಂದೊಂದಾಗಿ ಪರೀಕ್ಷಿಸಿ.

ಜಾಸ್ತಿ ಜನ ಎಡವುವುದು ಆಫ್ ಮಾಡುವಾಗ. ಫಾಲ್ಟ್ ಬಂತು ಅಂತ ಎಲ್ಲ ಗೇಟನ್ನೂ ಸುಮ್ನೆ ಒಟ್ಟಿಗೆ ಆಫ್ ಮಾಡಿಬಿಟ್ಟರೆ ಕೆಲವೊಮ್ಮೆ ಒಳಗಿನ ಐಜಿಬಿಟಿ ಮೊದಲು ಆಫ್ ಆಗಿ, ಪೂರ್ತಿ ಡಿಸಿ ಅದೊಂದರ ಮೇಲೆ ಬಿದ್ದು, ಅದು ಹೋಗುತ್ತದೆ. ಹೊರಗಿನ 1, 4 ಮೊದಲು, ಒಳಗಿನ 2, 3 ಆಮೇಲೆ. ಈ ಕ್ರಮ ತಪ್ಪಬಾರದು.

ಈಗ ಲ್ಯಾಬ್ ಸಪ್ಲೈನಿಂದ 60 ವೋಲ್ಟ್ ಕೊಡಿ, ಕರೆಂಟ್ ಲಿಮಿಟ್ ಅರ್ಧ ಆಂಪಿಯರ್. ಎರಡು ಕೆಪಾಸಿಟರ್ ಮೇಲೂ 30-30 ಬರಬೇಕು. ಲೋಡ್ ಹಾಕಿದ ಮೇಲೆ 38-22 ಆಗುತ್ತಿದ್ದರೆ ಮಧ್ಯಬಿಂದು ಜಾರುತ್ತಿದೆ. ಮೂರೂ ಫೇಸ್‌ನ ರೆಫರೆನ್ಸಿಗೆ (ಎಷ್ಟು ವೋಲ್ಟೇಜ್ ಬೇಕು ಅಂತ ಹೇಳುವ ಸಿಗ್ನಲ್‌ಗೆ) ಒಂದೇ ಅಳತೆಯ ಸಣ್ಣ ಆಫ್‌ಸೆಟ್ ಸೇರಿಸಿ, ಮಿತಿ ದಾಟದಂತೆ. ಲೈನ್ ವೋಲ್ಟೇಜ್ ಬದಲಾಗುವುದಿಲ್ಲ, ಕೆಪಾಸಿಟರ್ ಮಾತ್ರ ಸರಿಹೋಗುತ್ತದೆ. ಇನ್ನೂ ಜಾರಿದರೆ ಚಿಹ್ನೆ ತಿರುಗಿಸಿ ನೋಡಿ.

ಲೈನ್‌ನಿಂದ ಲೈನ್‌ಗೆ ಸ್ಕೋಪ್ ಹಿಡಿದರೆ ಐದು ಮೆಟ್ಟಿಲು ಕಾಣಬೇಕು: 60, 30, 0, -30, -60. ಕಂಡರೆ ಮಾತ್ರ ವೋಲ್ಟೇಜ್ ಏರಿಸಿ, ಆಗ ಡಿಫರೆನ್ಷಿಯಲ್ ಪ್ರೋಬ್ (ಅರ್ತ್‌ಗೆ ಸೇರಿಸದೆ ಎರಡು ಬಿಂದುಗಳ ನಡುವಿನ ವೋಲ್ಟೇಜ್ ಅಳೆಯುವ ಪ್ರೋಬ್) ಬೇಕೇ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಬೋರ್ಡು ತೇವ ಹಿಡಿಯುತ್ತದೆ, ಒಣಗಿಸಿಯೇ ಶುರುಮಾಡಿ. ಸಪ್ಲೈ ತೆಗೆದ ಮೇಲೂ ಕೆಪಾಸಿಟರ್ ತುಂಬಿರುತ್ತದೆ, ಎರಡನ್ನೂ ಮಲ್ಟಿಮೀಟರ್‌ನಲ್ಲಿ ಅಳೆದು, ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಿ.