ಜುಲೈಯಲ್ಲಿ ಉಪ್ಪು ಹರಳುಗಟ್ಟಲಿಲ್ಲ

ಕುಮಟಾ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಪಟಿಕದ ಹರಳು ಮಕ್ಕಳ ಜೊತೆ ಆಗಲೇ ಮಾಡಿದ್ದೆ. ಬಿಸಿನೀರಿನಲ್ಲಿ ಕರಗಿಸಿ ತಣ್ಣಗಾಗಲು ಬಿಟ್ಟರೆ ಸಾಕು, ಬೆಳಗಾಗುವಷ್ಟರಲ್ಲಿ ಹರಳು ಕೂತಿರುತ್ತದೆ. ಉಪ್ಪೂ ಹಾಗೇ ಅಂದುಕೊಂಡು ಒಂದು ಜುಲೈಯಲ್ಲಿ ಶುರು ಮಾಡಿದೆ.

ಬಿಸಿ ಉಪ್ಪುನೀರನ್ನು ತಣ್ಣಗೆ ಮಾಡಿದರೆ ಏನೂ ಆಗಲಿಲ್ಲ. ಲೆಕ್ಕ ನೋಡಿದರೆ ಕಾರಣ ಅಲ್ಲೇ ಇದೆ. 100 ಮಿಲಿ ನೀರಿನಲ್ಲಿ ಸೊನ್ನೆ ಡಿಗ್ರಿಯಲ್ಲೂ ಸುಮಾರು 36 ಗ್ರಾಂ ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪು, ಕರಗುತ್ತದೆ, ಕುದಿಯುವಾಗ ಬರೀ 39 ಗ್ರಾಂ. ತಣ್ಣಗೆ ಮಾಡಿ ಉಪ್ಪನ್ನು ಹೊರಗೆ ತರೋದು ಕಷ್ಟ. ನೀರು ಆವಿಯಾಗಿ ಹೋಗಲೇಬೇಕು.

ಸರಿ, ಬಟ್ಟಲನ್ನು ತೆರೆದೇ ಇಟ್ಟೆ. ಹದಿನೈದು ದಿನವಾದರೂ ನೀರು ಇಳಿಯಲಿಲ್ಲ. ತಳದಲ್ಲಿದ್ದ ನಾಲ್ಕು ಕಾಳೂ ಕರಗಿ, ನಾನು ಪೆನ್ನಿನಲ್ಲಿ ಹಾಕಿದ್ದ ಗೆರೆಗಿಂತ ನೀರು ಮೇಲಕ್ಕೆ ಬಂದಿತ್ತು! ಉಪ್ಪು ತುಂಬಿದ ನೀರು ಆರಬೇಕಾದರೆ ಗಾಳಿಯ ತೇವ ಶೇಕಡಾ 75ಕ್ಕಿಂತ ಕೆಳಗಿರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಉಪ್ಪುನೀರೇ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ವಾ. ಇಲ್ಲೇ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಉಪ್ಪು ಎಳೆಯೋದು ಬೇಸಿಗೆಯಲ್ಲಿ ಮಾತ್ರ. ಅದನ್ನು ವರ್ಷವರ್ಷವೂ ನೋಡುತ್ತಿದ್ದರೂ ನನ್ನ ಬಟ್ಟಲಿಗೆ ಅದೇ ನಿಯಮ ಅಂತ ಹೊಳೆದದ್ದು ಆಗ.

ಫೆಬ್ರವರಿಯಲ್ಲಿ ಮತ್ತೆ ಕೂತೆ. ಈ ಸಲ ಮೊದಲು ಉಪ್ಪು ಶುದ್ಧ ಮಾಡಿದೆ. ಅಂಗಡಿಯ ಪುಡಿಯುಪ್ಪು ಬೇಡ, ಉದುರುದುರಾಗಿರಲು ಬೆರೆಸುವ ಪುಡಿಯಿಂದ ನೀರು ಮಸುಕಾಗುತ್ತದೆ. ಅರ್ಧ ಕೆಜಿ ಕಲ್ಲುಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಕರಗಿಸಿ, ಮಣ್ಣು ಹೋಗುವಂತೆ ದಪ್ಪ ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವ ತನಕ ಕುದಿಸಿದೆ. ತಳದಲ್ಲಿ ಬೆಳ್ಳಗೆ ಉಪ್ಪು ಬಿತ್ತು. ಮೇಲಿನ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಉಪ್ಪಿನ ಹಿಂದೆಯೇ ಕಹಿ ಬರುತ್ತದೆ. ಅದು ಮೆಗ್ನೀಷಿಯಂ ಲವಣಗಳ ರುಚಿ. ಭರಣಿಯಲ್ಲಿಟ್ಟ ಕಲ್ಲುಪ್ಪು ಅಷ್ಟು ಬೇಗ ನೀರೊಡೆಯಲು ಅದರಲ್ಲಿರುವ ಮೆಗ್ನೀಷಿಯಂ ಕ್ಲೋರೈಡೇ ಕಾರಣ. ಆ ನೀರು ಚೆಲ್ಲಿ, ಬಿದ್ದ ಉಪ್ಪನ್ನು ಮಾತ್ರ ಹೊಸ ನೀರಿನಲ್ಲಿ ಕರಗಿಸಿಕೊಂಡೆ.

ಅಗಲವಾದ ಗಾಜಿನ ಬಟ್ಟಲು, ಮೇಲೆ ತೆಳು ಬಟ್ಟೆ, ಯಾರೂ ಅಲುಗಾಡಿಸದ ಕಪಾಟು. ಫ್ಯಾನ್ ಬೇಡವೇ ಬೇಡ. ಬೇಗ ಆರಲಿ ಅಂತ ಒಂದು ಬಟ್ಟಲನ್ನು ಫ್ಯಾನ್ ಕೆಳಗೆ ಇಟ್ಟಿದ್ದೆ. ಅದರಲ್ಲಿ ಹರಳಿನ ಅಂಚುಗಳು ಬೆಳೆಯುತ್ತಾ ಮುಂದೆ ಓಡಿ, ನಡುಭಾಗ ಹಿಂದೆ ಉಳಿದು, ಕಲ್ಯಾಣಿಯ ಮೆಟ್ಟಿಲಿನ ಹಾಗೆ ತಗ್ಗಾದ ಹರಳು ಬಂತು. ನೋಡಲು ಚೆಂದ, ಆದರೆ ಒಳಗೆ ನೀರು ಸಿಕ್ಕಿಕೊಂಡು ಬೆಳ್ಳಗೆ ಮಂಜಾಗಿತ್ತು.

ಕಪಾಟಿನ ಬಟ್ಟಲಲ್ಲಿ ಮೂರನೇ ದಿನಕ್ಕೆ ಸಾಸಿವೆ ಗಾತ್ರದ ಚೌಕಗಳು ಕಂಡವು. ತಿಳಿಯಾದ ಒಂದನ್ನು ಆರಿಸಿ, ಬೇರೆ ಬಟ್ಟಲಿನ ಉಪ್ಪುನೀರಿನ ತಳದಲ್ಲಿ ಒಂಟಿಯಾಗಿ ಇಟ್ಟೆ. ದಾರಕ್ಕೆ ಕಟ್ಟಿದರೆ ದಾರದ ತುಂಬ ಹರಳು ಹತ್ತಿಕೊಳ್ಳುತ್ತದೆ, ಅದು ನನಗೆ ಹಿಡಿಸಲಿಲ್ಲ. ದಿನಾ ಬೆಳಗ್ಗೆ ಚಿಮಟದಲ್ಲಿ ಮಗ್ಗುಲು ಬದಲಿಸುತ್ತಿದ್ದೆ, ಇಲ್ಲದಿದ್ದರೆ ತಳಕ್ಕೆ ಒರಗಿದ ಮುಖ ಬೆಳೆಯುವುದಿಲ್ಲ. ಪಕ್ಕದಲ್ಲಿ ಹೊಸ ಕಾಳು ಹುಟ್ಟಿದರೆ ಆಗಾಗ್ಗೆ ತೆಗೆದುಹಾಕುತ್ತಿದ್ದೆ. ಆರು ವಾರಕ್ಕೆ ಎಂಟು ಮಿಲಿಮೀಟರ್ ಆಯಿತು. ಗಾಜಿನಷ್ಟು ತಿಳಿ. ಹೊರಗೆ ತೆಗೆದ ಮೇಲೆ ತೊಳೆಯಬೇಡಿ, ಟಿಶ್ಯೂ ಕಾಗದದಲ್ಲಿ ಒತ್ತಿ ಒರೆಸಿ ಅಷ್ಟೇ.

ಹಾಗೇ ಬೆಳೆಸಿದ ಎರಡನೇ ಹರಳನ್ನು ಮಕ್ಕಳೆದುರು ಒಡೆದೆ. ಮುಖಕ್ಕೆ ಸಮನಾಗಿ ಬ್ಲೇಡ್ ಇಟ್ಟು ಮೇಲಿಂದ ಮೆಲ್ಲಗೆ ತಟ್ಟಿದರೆ ಟಕ್ ಅಂತ ಎರಡು ಹೋಳು, ಒಡೆದ ಜಾಗವೂ ಕನ್ನಡಿಯಷ್ಟು ನುಣುಪು. ಒಳಗೆ ಪ್ರತಿ ಸೋಡಿಯಂ ಅಯಾನಿನ (ವಿದ್ಯುದಂಶವಿರುವ ಕಣದ) ಸುತ್ತ ಆರು ಕ್ಲೋರೈಡ್: ಮೇಲೆ, ಕೆಳಗೆ, ನಾಲ್ಕು ಪಕ್ಕ. ಪ್ರತಿ ಕ್ಲೋರೈಡಿನ ಸುತ್ತಲೂ ಹಾಗೇ ಆರು ಸೋಡಿಯಂ. 1913ರಲ್ಲಿ ವಿಜ್ಞಾನಿಗಳಾದ ಬ್ರಾಗ್ ತಂದೆ-ಮಗ ಎಕ್ಸ್-ಕಿರಣದಿಂದ ಕಂಡುಕೊಂಡ ಜೋಡಣೆ ಇದು. ಒಬ್ಬ ಹುಡುಗಿ ಹೋಳನ್ನು ಮತ್ತೆ ಒಡೆದಳು, ಮತ್ತೆ ಒಡೆದಳು. ಎಷ್ಟು ಚಿಕ್ಕದಾದರೂ ಮೂಲೆ ನೇರವಾಗೇ ಬರುತ್ತೆ ಸರ್ ಅಂದಳು.

ಮೊದಲ ಹರಳು ಇನ್ನೂ ನನ್ನ ಹತ್ತಿರ ಇದೆ. ಮೇ ಮುಗಿಯುವ ಮೊದಲು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಬಾಟಲಿಗೆ ಹಾಕುತ್ತೇನೆ, ದೀಪಾವಳಿ ಕಳೆದ ಮೇಲೆ ತೆಗೆಯುತ್ತೇನೆ.