ಕೂದಲು ಉದುರುವಿಕೆಯ ಸಂಶೋಧನೆಗೆ ಪಟ್ಟಿ ಎತ್ತುವುದು ಹೇಗೆ?

ಜಾತ್ರೆಗೆ, ಗುಡಿಯ ಕಳಸಕ್ಕೆ, ಶಾಲೆಯ ಕೋಣೆಗೆ ಪಟ್ಟಿ ಎತ್ತುವ, ಅಂದರೆ ಚಂದಾ ಕೂಡಿಸುವ, ವಿದ್ಯೆಯನ್ನು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘ ನಿಂತದ್ದೂ ಊರವರು ಕೂಡಿಹಾಕಿದ ಸಣ್ಣ ಮೊತ್ತಗಳ ಮೇಲೆಯೇ. ಆ ಕೆಲಸವೇ ಈಗ ಮೊಬೈಲಿಗೆ ಬಂದು ಕ್ರೌಡ್‌ಫಂಡಿಂಗ್ ಎನಿಸಿಕೊಂಡಿದೆ. ಪ್ರಾಣಕ್ಕೆ ಅಪಾಯವಿಲ್ಲದ ತೊಂದರೆ ಎಂಬ ಕಾರಣಕ್ಕೆ ಕೂದಲು ಉದುರುವಿಕೆಯ ಸಂಶೋಧನೆಗೆ ಸರ್ಕಾರದ ಹಣ ಸುಲಭವಾಗಿ ಹರಿಯುವುದಿಲ್ಲವಾದ್ದರಿಂದ, ತೊಂದರೆ ಅನುಭವಿಸುವವರೇ ಸೇರಿ ಹಣ ಕೂಡಿಸುವ ಆಲೋಚನೆಯಲ್ಲಿ ಅರ್ಥವಿದೆ. ಆದರೆ ಗುಡಿಗೆ ಹಣ ಕೊಟ್ಟವನು ಕಳಸ ಏರಿದ್ದನ್ನು ಕಣ್ಣಾರೆ ಕಾಣುತ್ತಾನೆ. ಸಂಶೋಧನೆಗೆ ಕೊಟ್ಟವನಿಗೆ ಎರಡು ವರ್ಷದ ಮೇಲೆ ‘ಇದರಿಂದ ಪ್ರಯೋಜನ ಕಾಣಲಿಲ್ಲ’ ಎಂಬ ಉತ್ತರ ಸಿಗಬಹುದು, ಮತ್ತು ಅದು ಪ್ರಾಮಾಣಿಕವಾದ ಉತ್ತರವೇ ಆಗಿರಬಹುದು. ಆದ್ದರಿಂದ ಪಟ್ಟಿಯನ್ನು ಒಂದು ಔಷಧದ ಹೆಸರಿನಲ್ಲಿ ಎತ್ತದೆ, ಒಂದು ಪ್ರಶ್ನೆಯ ಹೆಸರಿನಲ್ಲಿ ಎತ್ತಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಮೊದಲು, ಯಾವ ಉದುರುವಿಕೆ ಎಂಬುದನ್ನು ಗೊತ್ತುಮಾಡಿಕೊಳ್ಳಿ

‘ಕೂದಲು ಉದುರುತ್ತದೆ’ ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ಕಾಯಿಲೆಗಳಿರುತ್ತವೆ. ಗಂಡಸರಲ್ಲಿ ಹಣೆಯ ಎರಡು ಮೂಲೆ ಮತ್ತು ನೆತ್ತಿಯಿಂದ ಆರಂಭವಾಗುವ ಬೋಳುತಲೆ ಬಹುಮಟ್ಟಿಗೆ ವಂಶದಿಂದ ಬಂದದ್ದು. ಡೈಹೈಡ್ರೊಟೆಸ್ಟೊಸ್ಟೆರಾನ್ ಎಂಬ ಹಾರ್ಮೋನಿಗೆ ಅಲ್ಲಿನ ಕೂದಲಬುಡಗಳು ಸೂಕ್ಷ್ಮವಾಗಿದ್ದು, ವರ್ಷ ಕಳೆದಂತೆ ಕಿರಿದಾಗುತ್ತ ಹೋಗುತ್ತವೆ. ನಾಣ್ಯದಗಲದ ಜಾಗದಲ್ಲಿ ಕೂದಲು ಪೂರ್ತಿ ಹೋಗಿ, ಹುಳ ತಿಂದಿದೆ ಎಂದು ಜನ ಹೇಳುವ ಅಲೋಪೇಶಿಯಾ ಏರಿಯಾಟಾದಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ಕೂದಲಬುಡದ ಮೇಲೆ ತಿರುಗಿ ಬಿದ್ದಿರುತ್ತದೆ. ಮೂರನೆಯದು, ಟೈಫಾಯ್ಡ್, ಡೆಂಗಿ, ಹೆರಿಗೆ ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯಾದ ಎರಡು-ಮೂರು ತಿಂಗಳಿಗೆ ಹಿಡಿ ಹಿಡಿಯಾಗಿ ಉದುರುವುದು.

ಈ ಮೂರನೆಯದರ ಬಗ್ಗೆ ಪಟ್ಟಿ ಎತ್ತುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ಜ್ವರದ ಪೆಟ್ಟಿಗೆ ಒಮ್ಮೆಲೇ ವಿಶ್ರಾಂತಿಗೆ ಹೋದ ಕೂದಲಬುಡಗಳು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ತಾವಾಗಿಯೇ ಮತ್ತೆ ಚಿಗುರುತ್ತವೆ. ಆ ಅವಧಿಯಲ್ಲಿ ಯಾವ ಎಣ್ಣೆ ತಿಕ್ಕಿದರೂ, ಯಾವ ಸೊಪ್ಪು ಅರೆದು ಹಚ್ಚಿದರೂ ಗುಣ ಕಂಡಂತೆಯೇ ತೋರುತ್ತದೆ. ನಮ್ಮ ಸಂತೆಗಳಲ್ಲಿ ಮಾರಾಟವಾಗುವ ಅರ್ಧಕ್ಕರ್ಧ ಎಣ್ಣೆಗಳ ಕೀರ್ತಿ ನಿಂತಿರುವುದು ಇದರ ಮೇಲೆಯೇ ಎಂದು ನನ್ನ ಅನುಮಾನ. ಔಷಧ ಹಚ್ಚದ ಇನ್ನೊಂದು ಗುಂಪನ್ನೂ ಪಕ್ಕದಲ್ಲಿಟ್ಟು ಹೋಲಿಸದ ಯಾವ ಸಂಶೋಧನೆಗೂ ಹಣ ಕೊಡಬಾರದೆನ್ನುವುದು ಇದಕ್ಕಾಗಿ.

ಈಗಾಗಲೇ ಏನೇನು ಇದೆ ಎಂಬುದನ್ನೂ ತಿಳಿದಿರಬೇಕು. ರಕ್ತದೊತ್ತಡದ ಮಾತ್ರೆಯಾಗಿ ಬಳಕೆಗೆ ಬಂದ ಮಿನಾಕ್ಸಿಡಿಲ್, ರೋಗಿಗಳ ಮೈಮೇಲೆ ಕೂದಲು ಬೆಳೆದದ್ದು ಕಂಡ ಮೇಲೆ, ತಲೆಗೆ ಹಚ್ಚುವ ಔಷಧವಾಗಿ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಪಡೆಯಿತು. ಫಿನಾಸ್ಟರೈಡ್ ಮಾತ್ರೆಗೆ 1997ರಲ್ಲಿ ಒಪ್ಪಿಗೆ ಸಿಕ್ಕಿತು. ಇವುಗಳಲ್ಲಿ ಯಾವುದನ್ನು ನಿಲ್ಲಿಸಿದರೂ ಅದರಿಂದ ಉಳಿದ ಕೂದಲು ಮತ್ತೆ ಹೋಗುತ್ತದೆ. ತೀವ್ರವಾದ ಅಲೋಪೇಶಿಯಾ ಏರಿಯಾಟಾಕ್ಕೆ 2022ರಲ್ಲಿ ಬಾರಿಸಿಟಿನಿಬ್, 2023ರಲ್ಲಿ ರಿಟ್ಲೆಸಿಟಿನಿಬ್ ಅಲ್ಲಿ ಒಪ್ಪಿಗೆ ಪಡೆದಿವೆ.

ಕೈಗೆಟಕುವ ಪ್ರಶ್ನೆಯನ್ನು ಆರಿಸಿ

ಕೂದಲಬುಡದ ಜೀವಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಬೋಳಾದ ಜಾಗಕ್ಕೆ ನೆಟ್ಟು ಹೊಸ ಕೂದಲು ಬರಿಸುವುದು ಈ ಕ್ಷೇತ್ರದ ದೊಡ್ಡ ಕನಸು. ಬ್ರಿಟನ್ನಿನ ಕಾಲಿನ್ ಜಹೋಡಾ ತಮ್ಮ ತಲೆಯ ಕೂದಲಬುಡದ ಕಣಗಳನ್ನು ಸಹಸಂಶೋಧಕಿಯೂ ಪತ್ನಿಯೂ ಆದ ಅಮಾಂಡಾ ರೆನಾಲ್ಡ್ಸ್ ಅವರ ಮುಂಗೈಗೆ ನೆಟ್ಟು ಕೂದಲು ಬರಿಸಿದ ವರದಿ 1999ರಲ್ಲಿ ಪ್ರಕಟವಾಯಿತು. ಆದರೆ ಆ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಸಂಖ್ಯೆ ಹೆಚ್ಚಿಸಲು ಬೆಳೆಸಿದೊಡನೆ ಅವು ಕೂದಲು ಹುಟ್ಟಿಸುವ ಗುಣವನ್ನೇ ಕಳೆದುಕೊಳ್ಳುತ್ತವೆ. 2013ರಲ್ಲಿ ಜಹೋಡಾ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ಏಂಜೆಲಾ ಕ್ರಿಸ್ಟಿಯಾನೊ ತಂಡದವರು ಕಣಗಳನ್ನು ತೂಗುವ ಹನಿಗಳಲ್ಲಿ ಉಂಡೆಗಟ್ಟಿಸಿ ಬೆಳೆಸಿ, ಇಲಿಯ ಬೆನ್ನಿಗೆ ಕಸಿ ಮಾಡಿದ ಮಾನವ ಚರ್ಮದೊಳಗೆ ಇಟ್ಟಾಗ, ಏಳು ದಾನಿಗಳ ಪೈಕಿ ಐವರ ಕಣಗಳಿಂದ ಹೊಸ ಕೂದಲು ಹುಟ್ಟಿತು. ಅಷ್ಟಾದರೂ ಅದು ಇಂದಿಗೂ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಾಗಿಲ್ಲ. ಇಂಥ ಕೆಲಸಕ್ಕೆ ಬೇಕಾದ ಹಣ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿ ಅಂಗಡಿಗೆ ತಿರುಗಿ ಕೂಡುವಂಥದ್ದಲ್ಲ. ‘ಒಂದು ವರ್ಷದಲ್ಲಿ ಕೂದಲು ಕ್ಲೋನ್ ಮಾಡುತ್ತೇವೆ’ ಎಂದು ಯಾರಾದರೂ ಪಟ್ಟಿಯ ಹಾಳೆ ಹಿಡಿದು ಬಂದರೆ, ನಮಸ್ಕಾರ ಹೇಳಿ ಕಳಿಸಿಬಿಡಿ.

ನಮ್ಮಲ್ಲೇ ಹುಟ್ಟಿದ ಪ್ರಶ್ನೆಗಳು ಬೇಕಾದಷ್ಟಿವೆ. ಕೊಳವೆಬಾವಿಯ ಸವಳು ನೀರಿನಿಂದ ಕೂದಲು ಹೋಗುತ್ತದೆ ಎಂಬ ಮಾತನ್ನು ನವಲಗುಂದ, ರೋಣದ ಕಡೆ ಹೇಳದ ಮನೆಯಿಲ್ಲ. ಹೋಗುತ್ತದೆ ಎಂದರೆ ಬುಡದಿಂದ ಉದುರುತ್ತದೆಯೋ, ನಡುವೆ ಮುರಿಯುತ್ತದೆಯೋ? ಬಾಚಣಿಗೆಗೆ ಸಿಕ್ಕ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ಬುಡದಿಂದ ಬಂದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗಂಟು ಇರುತ್ತದೆ. ಮುರಿದ ಕೂದಲಿಗೆ ಅದು ಇರುವುದಿಲ್ಲ. ಇಷ್ಟನ್ನು ಶಿಸ್ತಿನಿಂದ ಎಣಿಸಿದರೂ ಒಂದು ಉತ್ತರ ಸಿಗುತ್ತದೆ. ಒಬ್ಬರದೇ ಕೂದಲಿನ ಕೆಲವು ಎಳೆಗಳನ್ನು ಸವಳು ನೀರಿನಲ್ಲಿ, ಉಳಿದವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಎಷ್ಟು ಎಳೆದರೆ ಹರಿಯುತ್ತವೆ ಎಂದು ಅಳೆಯಬಹುದು. ಹತ್ತಿಯ ಎಳೆಯ ಗಟ್ಟಿತನ ಅಳೆದು ರೂಢಿಯಿರುವ ಧಾರವಾಡಕ್ಕೆ ಇದೇನೂ ಅಪರಿಚಿತ ಕೆಲಸವಲ್ಲ. ತಲೆಯ ಮೇಲಿನ ಬದಲಾವಣೆಯನ್ನೇ ನೋಡಬೇಕೆಂದರೆ, ಒಂದು ಚದರ ಸೆಂಟಿಮೀಟರ್ ಜಾಗವನ್ನು ಗುರುತು ಮಾಡಿ, ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪಿನಲ್ಲಿ ಫೋಟೊ ತೆಗೆದು, ಆರು ತಿಂಗಳ ಮೇಲೆ ಅದೇ ಜಾಗದ ಕೂದಲನ್ನು ಮತ್ತೆ ಎಣಿಸಬೇಕು. ಎಣಿಸುವವರಿಗೆ ಆ ವ್ಯಕ್ತಿ ಯಾವ ಗುಂಪಿಗೆ ಸೇರಿದವರೆಂಬುದು ಗೊತ್ತಿರಬಾರದು.

ಸಂಶೋಧಕರು ಮತ್ತು ಅನುಮತಿಗಳು

ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ವೈದ್ಯಕೀಯ ಕಾಲೇಜುಗಳು ನಮ್ಮ ಅಕ್ಕಪಕ್ಕದಲ್ಲೇ ಇವೆ. ಎಂ.ಡಿ. ಓದುವ ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕಾದ್ದರಿಂದ, ಚರ್ಮರೋಗ ವಿಭಾಗವಿರುವ ಕಾಲೇಜಿನ ಪ್ರಾಧ್ಯಾಪಕರನ್ನು ಕಂಡು, ಇಂಥ ಸಣ್ಣ ಪ್ರಶ್ನೆಯನ್ನು ಯಾರಾದರೂ ವಿದ್ಯಾರ್ಥಿ ಕೈಗೆತ್ತಿಕೊಳ್ಳುವರೇ ಎಂದು ಕೇಳುವುದು ಕಡಿಮೆ ಖರ್ಚಿನ ದಾರಿ. ಆಗ ಪಟ್ಟಿಯ ಹಣ ಸಂಬಳಕ್ಕೆ ಹೋಗದೆ ಉಪಕರಣಕ್ಕೆ, ರಕ್ತಪರೀಕ್ಷೆಗೆ, ಭಾಗವಹಿಸುವವರ ಬಸ್ಸಿನ ಖರ್ಚಿಗೆ ಉಳಿಯುತ್ತದೆ.

ಮನುಷ್ಯರ ಮೇಲಿನ ಯಾವ ಅಧ್ಯಯನಕ್ಕೂ ನೋಂದಾಯಿತ ನೈತಿಕ ಸಮಿತಿಯ ಲಿಖಿತ ಒಪ್ಪಿಗೆ ಬೇಕು. ಔಷಧವನ್ನು ಪರೀಕ್ಷಿಸುವುದಾದರೆ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯಿಸುತ್ತವೆ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ವಿವರ ದಾಖಲಾಗಿರಬೇಕು. ಅದಕ್ಕೆ ಶುಲ್ಕವಿಲ್ಲ, ಮತ್ತು ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಎಷ್ಟು ಜನ, ಯಾವ ಹೋಲಿಕೆ, ಯಾವ ಅಳತೆಯ ಮೇಲೆ ಗೆಲುವು-ಸೋಲಿನ ತೀರ್ಮಾನ ಎಂಬುದು ಮೊದಲೇ ಅಲ್ಲಿ ಬರೆದಿರುವುದರಿಂದ ಕೊನೆಗೆ ಗೆರೆಯನ್ನು ಅತ್ತಿತ್ತ ಸರಿಸಲು ಬರುವುದಿಲ್ಲ. ಸ್ಟೆಮ್ ಸೆಲ್ (ಬೇರೆ ಬಗೆಯ ಕಣಗಳಾಗಿ ಬೆಳೆಯಬಲ್ಲ ಮೂಲಕಣ) ಹೆಸರು ಹೇಳಿಕೊಂಡು ಬಂದವರನ್ನಂತೂ ಈ ನೋಂದಣಿ ಸಂಖ್ಯೆ ಕೇಳದೆ ಒಳಗೆ ಕೂರಿಸಬೇಡಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಕೂದಲಿಗೆ ಸ್ಟೆಮ್ ಸೆಲ್ ಕೊಡುವುದು ಒಪ್ಪಿತ ಚಿಕಿತ್ಸೆಯಲ್ಲ, ಒಪ್ಪಿಗೆ ಪಡೆದ ಪ್ರಯೋಗದೊಳಗಷ್ಟೇ ಅದಕ್ಕೆ ಅವಕಾಶ.

ಹಣ ಯಾವ ಖಾತೆಗೆ?

ಸಂಶೋಧಕರ ಅಥವಾ ಸಂಘಟಕರ ಸ್ವಂತ ಖಾತೆಗೆ ಒಂದು ರೂಪಾಯಿಯೂ ಹೋಗಕೂಡದು. ಸಂಸ್ಥೆಯ ಖಾತೆಗೆ ನೇರವಾಗಿ ಕಟ್ಟಿಸುವುದು ಒಳ್ಳೆಯದು. ಇಲ್ಲವಾದರೆ ಟ್ರಸ್ಟ್ ಮಾಡಿ, ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಿ, ಪ್ಯಾನ್ ಪಡೆದು, ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದ ಖಾತೆ ತೆರೆಯಬೇಕು. ದಾನಿಯು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ಮೂಡುವ ಹೆಸರು ಪಾವತಿ ಪುಸ್ತಕದ ಮೇಲಿನ ಹೆಸರೇ ಆಗಿರಬೇಕು. ಬೇರೆ ಹೆಸರು ಕಂಡರೆ ಮೊಬೈಲನ್ನು ಕಿಸೆಗೆ ಹಾಕಿಕೊಳ್ಳಿರಿ ಎಂದು ದಾನಿಗಳಿಗೆ ನೀವೇ ಹೇಳಿರಿ.

‘ಔಷಧ ಬಂದ ಮೇಲೆ ಲಾಭದಲ್ಲಿ ಪಾಲು ಕೊಡುತ್ತೇವೆ’ ಎಂಬ ಮಾತನ್ನು ಬಾಯಿತಪ್ಪಿಯೂ ಆಡಬಾರದು. ಹಾಗೆ ಹೇಳಿದ ಕ್ಷಣವೇ ದಾನವು ಹೂಡಿಕೆಯಾಗಿ ಮಾರ್ಪಟ್ಟು ಕಂಪನಿ ಕಾಯ್ದೆ ಮತ್ತು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಸಂಶೋಧನೆ ಮುಗಿದ ಮೇಲೆ ಹಣ ಹಿಂದಿರುಗಿಸುವ ಭರವಸೆ ಕೊಟ್ಟರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯೂ ಅಡ್ಡ ಬರಬಹುದು. ಅಮೆರಿಕದಲ್ಲಿರುವ ಬಂಧುಗಳು ಹಣ ಕಳಿಸಲು ಮುಂದಾದರೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರರಾದವರು ಕೊಟ್ಟದ್ದು ವಿದೇಶಿ ದೇಣಿಗೆ, ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು. 80ಜಿ ಎಂದು ರೂಢಿಯಲ್ಲಿರುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಅದೂ ಸಂಸ್ಥೆಗೆ ಆ ಮಾನ್ಯತೆ ಇದ್ದರೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಅದು ಸಿಗುವುದಿಲ್ಲ.

ಮನವಿಪತ್ರ ಮತ್ತು ಲೆಕ್ಕ

ಮನವಿಪತ್ರ ಒಂದು ಹಾಳೆಯನ್ನು ಮೀರದಿರಲಿ. ಪ್ರಶ್ನೆ ಏನು, ಯಾರು ಕೇಳುತ್ತಿದ್ದಾರೆ, ಎಷ್ಟು ತಿಂಗಳು ಬೇಕು, ಉತ್ತರ ‘ಇಲ್ಲ’ ಎಂದು ಬಂದರೆ ಏನು ಮಾಡುತ್ತೀರಿ ಎಂಬುದು ಅದರಲ್ಲಿರಬೇಕು. ಚಿಕಿತ್ಸೆಗೆ ಮುನ್ನ ಮತ್ತು ನಂತರ ಎಂದು ತೋರಿಸುವ ಜೋಡಿ ಫೋಟೊಗಳನ್ನು ಹಾಕಬೇಡಿ. ದೀಪದ ಕೋನ ಬದಲಿಸಿ, ಕೂದಲನ್ನು ಒದ್ದೆ ಮಾಡಿ ಯಾವ ತಲೆಯನ್ನು ಬೇಕಾದರೂ ಬೋಳಾಗಿ ಕಾಣಿಸಬಹುದು. ಬೋಳುತಲೆ ಗುಣಪಡಿಸುತ್ತದೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ ಎಂದು ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಜೆ ಅನುಸೂಚಿಯೇ ಹೇಳುತ್ತದೆ. ಆ ಪದಗಳು ನಿಮ್ಮ ಹಾಳೆಯಲ್ಲಿ ನುಸುಳದಂತೆ ನೋಡಿಕೊಳ್ಳಿ.

ಕೂಡಿದ ಹಣ ಯಾವ ಖಾತೆಯಲ್ಲಿದ್ದರೂ ಅದನ್ನು ಸಂಶೋಧನೆಗೆ ಒಂದೇ ಸಲಕ್ಕೆ ಕೊಟ್ಟುಬಿಡುವುದು ತಪ್ಪು. ನೈತಿಕ ಸಮಿತಿಯ ಪತ್ರ ಕೈಗೆ ಬಂದಾಗ ಮೊದಲ ಕಂತು, ನಿಗದಿಯಾದಷ್ಟು ಜನ ಸೇರಿದ ಮೇಲೆ ಎರಡನೆಯದು, ಫಲಿತಾಂಶದ ಕರಡು ಬಂದ ಮೇಲೆ ಉಳಿದದ್ದು ಎಂದು ಒಪ್ಪಂದದಲ್ಲಿ ಬರೆಸಿ. ಸಂಸ್ಥೆಯು ಓವರ್‌ಹೆಡ್ (ತನ್ನ ಆಡಳಿತದ ಖರ್ಚು) ಎಂದು ಎಷ್ಟು ಹಿಡಿಯುತ್ತದೆ ಎಂಬುದನ್ನು ಮೊದಲೇ ಕೇಳಿಕೊಳ್ಳಿ, ಏಕೆಂದರೆ ದಾನಿಗಳು ಕೊನೆಗೆ ಸಿಟ್ಟಾಗುವುದು ಹೆಚ್ಚಾಗಿ ಆ ಸಾಲನ್ನು ನೋಡಿ. ಜಮಾ-ಖರ್ಚನ್ನು ಮೂರು ತಿಂಗಳಿಗೊಮ್ಮೆ ದಾನಿಗಳೆಲ್ಲರಿಗೂ ಕಳಿಸಿ. ಅದೇ ಒಪ್ಪಂದದಲ್ಲಿ ಇನ್ನೂ ಮೂರು ಷರತ್ತುಗಳಿರಲಿ: ಫಲಿತಾಂಶ ಹೇಗೇ ಬಂದರೂ ಪ್ರಕಟಿಸಬೇಕು, ಪಟ್ಟಿಯ ಹಣದಿಂದ ಕೊಂಡ ಡರ್ಮೋಸ್ಕೋಪು ಅಧ್ಯಯನ ಮುಗಿದ ಮೇಲೆ ಆ ವಿಭಾಗದ ಹೊರರೋಗಿಗಳ ಬಳಕೆಗೇ ಉಳಿಯಬೇಕು, ಗುರಿಯ ಮೊತ್ತ ಇಂಥ ದಿನಾಂಕದೊಳಗೆ ಕೂಡದಿದ್ದರೆ ಬಂದ ಹಣವನ್ನು ಪಾವತಿ ಸಂಖ್ಯೆಯ ಪ್ರಕಾರ ಕೊಟ್ಟವರಿಗೆ ಮರಳಿಸಬೇಕು.