ಪೀಸ್ ಸ್ಟೇಷನ್‌ನಲ್ಲಿ ಕಲಿತದ್ದು

ಕಾಶ್ಮೀರದ ಸರದಿ ಮುಗಿಸಿ ನಮ್ಮ ಪಲ್ಟನ್ ಕಾರ್ಯಾಚರಣೆಯಿಲ್ಲದ ಶಾಂತ ನೆಲೆಗೆ, ಅಂದರೆ ಪೀಸ್ ಸ್ಟೇಷನ್‌ಗೆ ಬಂತು. ನಾನು ಆಗ ಹವಾಲ್ದಾರ್. ಕೈಕೆಳಗೆ 10 ಜನರ ಸೆಕ್ಷನ್. ಮೊದಲ ಕೆಲವು ವಾರ ಎಲ್ಲರೂ ಕಣ್ತುಂಬ ನಿದ್ದೆ ಮಾಡಿದೆವು. ಅದು ಬೇಕಿತ್ತು ಕೂಡ. ಆಮೇಲೆ ಇನ್‌ಸ್ಪೆಕ್ಷನ್, ಗಾರ್ಡ್ ಡ್ಯೂಟಿ, ಹುಲ್ಲು ಕೀಳುವುದು, ದಾರಿ ಬದಿಯ ಕಲ್ಲಿಗೆ ಕೆಮ್ಮಣ್ಣು-ಸುಣ್ಣ ಬಳಿಯುವುದು. ದಿನ ಹೋದದ್ದೇ ಗೊತ್ತಾಗಲಿಲ್ಲ.

ವರ್ಷ ಕಳೆದ ಮೇಲೆ ಒಂದು ರಾತ್ರಿ 2 ಗಂಟೆಗೆ, ಯಾರಿಗೂ ಮೊದಲೇ ಹೇಳದೆ, ಸೆಕ್ಷನ್ ಎಬ್ಬಿಸಿದೆ. ಪೂರ್ತಿ ಸಾಮಾನಿನ ಜೊತೆ ಸಾಲಾಗಿ ನಿಲ್ಲಬೇಕು, ಫಾಲ್ ಇನ್. ಕಾಶ್ಮೀರದಲ್ಲಿ 10 ನಿಮಿಷದ ಕೆಲಸ. ಅವತ್ತು 40 ನಿಮಿಷ ಹಿಡಿಯಿತು. ಇಬ್ಬರ ನೀರಿನ ಬಾಟಲಿ ಖಾಲಿ. ರೇಡಿಯೊ ಸೆಟ್ ಬ್ಯಾಟರಿಗೆ ಚಾರ್ಜ್ ಇಲ್ಲ. ಗಾಯಕ್ಕೆ ಕಟ್ಟುವ ಪಟ್ಟಿಗಾಗಿ ಮೂವರು ಬೆನ್ನಿನ ಚೀಲ, ಅಂದರೆ ಪಿಟ್ಟು, ಪೂರ್ತಿ ಬಿಚ್ಚಿ ಹುಡುಕಿದರು. ಇವರೆಲ್ಲ ಗುಂಡಿನ ಸದ್ದು ಕೇಳಿ ಬಂದ ಹುಡುಗರು. ಧೈರ್ಯ ಎಲ್ಲೂ ಹೋಗಿರಲಿಲ್ಲ. ಕೈಗೆ ರೂಢಿ ತಪ್ಪಿತ್ತು. ನನಗೂ ತಪ್ಪಿತ್ತು.

ಆ ಸಲ ರಜೆಗೆ ಭಾಲ್ಕಿ ಕಡೆಯ ನಮ್ಮೂರಿಗೆ ಬಂದಾಗ ಅಪ್ಪನ ಹತ್ತಿರ ಹೇಳಿಕೊಂಡೆ. "ಬ್ಯಾಸಗಿ ಪೂರಾ ಕೊಟ್ಟಿಗ್ಯಾಗ ನಿಂತ ಎತ್ತು ಮಿರಗಕ್ಕ ಒಮ್ಮೆಲೇ ನೊಗ ಹೊರ್ತದೇನು ತಮ್ಮಾ? ಹೆಗಲ ಹುಣ್ಣ ಆಗ್ತದ" ಅಂದರು. ಅದಕ್ಕೇ ಮಿರಗದ ಮಳೆಗೆ ಮುಂಚಿನಿಂದಲೇ ಅವರು ದಿನಾ ಸಂಜೆ ಸ್ವಲ್ಪ ಹೊತ್ತು ಎತ್ತುಗಳನ್ನು ಕುಂಟೆಗೆ ಹೂಡುತ್ತಿದ್ದರು.

ವಾಪಸ್ ಹೋಗಿ ಅದನ್ನೇ ಮಾಡಿದೆ. ರೇಂಜ್‌ನಲ್ಲಿ ನಿಧಾನಕ್ಕೆ ಮಲಗಿ ಹೊಡೆದರೆ ಎಲ್ಲರದ್ದೂ ಐದಕ್ಕೆ ಐದು. ನಾನು ಪಿಟ್ಟು ಹೊರಿಸಿ 2 ಕಿಲೋಮೀಟರ್ ಓಡಿಸಿ, ಏದುಸಿರಿನಲ್ಲೇ ಹೊಡೆಸಿದೆ. ಒಳ್ಳೆಯ ಗುರಿಕಾರರ ಗುಂಡೂ ಚದುರಿದವು. ಕಣ್ಣಿಗೆ ಬಟ್ಟೆ ಕಟ್ಟಿ ರೈಫಲ್ ಬಿಚ್ಚಿ ಜೋಡಿಸುವುದನ್ನು ಮತ್ತೆ ಶುರು ಮಾಡಿದೆವು. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಬೇರೆ. ಅಭ್ಯಾಸದ ನಡುವೆ "ನಾನು ಸತ್ತೆ" ಎಂದು ಕೂತುಬಿಡುತ್ತಿದ್ದೆ. ಮೊದಲ ಸಲ ನನ್ನ ನಂತರದವನು "ಉಸ್ತಾದ್, ಈಗ ಏನು ಮಾಡಲಿ?" ಎಂದು ನನ್ನ ಮುಖವನ್ನೇ ನೋಡಿದ. ನಾನು ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳಲ್ಲಿ ಎಲ್ಲರಿಗಿಂತ ಕಿರಿಯ ಸಿಪಾಯಿಯೂ ಸೆಕ್ಷನ್ ನಡೆಸುವಂತಾದ. ಮತ್ತೊಮ್ಮೆ ರಾತ್ರಿ ಎಬ್ಬಿಸಿದಾಗ 12 ನಿಮಿಷ.

ನಮ್ಮ ಸೈನ್ಯದ 4ನೇ ಡಿವಿಷನ್ ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾ, ಇಟಲಿಯಲ್ಲಿ ಹೆಸರು ಮಾಡಿತ್ತು. 1950ರ ದಶಕದ ಕೊನೆಯಲ್ಲಿ ಅಂಬಾಲಾದಲ್ಲಿ ಅದರ ಸೈನಿಕರು ತಮ್ಮ ವಸತಿ ಮನೆಗಳನ್ನು ತಾವೇ ಕಟ್ಟಿದರು. 1962ರ ಚೀನಾ ಯುದ್ಧದಲ್ಲಿ, ಈಗಿನ ಅರುಣಾಚಲದ ಸೇಲಾ, ಬೊಮ್ಡಿಲಾದಲ್ಲಿ ಅದೇ ಡಿವಿಷನ್ ಚದುರಿಹೋಯಿತು. ಹಳೆಯ ರೈಫಲ್, ಚಳಿಗೆ ಸಾಲದ ಬಟ್ಟೆ, ಎತ್ತರಕ್ಕೆ ಒಗ್ಗದ ಮೈ, ತಪ್ಪು ತೀರ್ಮಾನಗಳು, ಕಾರಣ ಹಲವು. ಆದರೂ ಇಟ್ಟಿಗೆ ಹೊತ್ತ ದಿನಗಳೆಲ್ಲ ತರಬೇತಿಗೆ ಸಿಗಬೇಕಿದ್ದ ದಿನಗಳೇ, ಅಲ್ವಾ? ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ಬೀದರಿನಲ್ಲಿದ್ದೇನೆ. ಇಲ್ಲಿನ ವಾಯುನೆಲೆಯಿಂದ ತರಬೇತಿಯ ಹಾಕ್ ವಿಮಾನಗಳು ಹಾರುತ್ತವೆ. ಆ ಸದ್ದು ಕೇಳಿದರೆ ನನಗೆ ಸಮಾಧಾನ. ಬೆಳಿಗ್ಗೆ ಅಗ್ನಿವೀರ್ ರ‍್ಯಾಲಿಗೆ ತಯಾರಾಗುವ ಹುಡುಗರು ಮೈದಾನಕ್ಕೆ ಬರುತ್ತಾರೆ. 1600 ಮೀಟರ್ ಓಟದ ಟೈಮ್ ಒಂದೇ ಅವರ ಚಿಂತೆ. ಓಟ ಮುಗಿದ ಮೇಲೆ ಒಬ್ಬನನ್ನು ಕರೆದು, ಮಿಕ್ಕವರನ್ನು ನೀನು ನಡೆಸು ಎನ್ನುತ್ತೇನೆ. ನಾನು ಹೋಗಿ ಬೇವಿನ ಮರದ ಕೆಳಗೆ ಕೂರುತ್ತೇನೆ.